ನೊಬಿತಾ ಸೋಂಬೇರಿ ಅಲ್ಲ, ಅವನಿಗೆ 'ದೂರದೃಷ್ಟಿ' ಇದೆ!

[ಶುರುವಿನ ಶಾಟ್: ಮೇಜಿನ ಮೇಲೆ ತೆರೆದ ಲೆಕ್ಕದ ಪುಸ್ತಕ, ಅದರ ಮೇಲೆ ದುಂಡು ಫ್ರೇಮಿನ ಕನ್ನಡಕ]

ನಮಸ್ಕಾರ. ಇವತ್ತು ಒಬ್ಬ ಹುಡುಗನ ಪರ ವಾದ ಮಾಡಲು ಬಂದಿದ್ದೇನೆ.

ಹೆಸರು ನೊಬಿ ನೊಬಿತಾ. ಊರು ಟೋಕಿಯೋ. ನಾಲ್ಕನೇ ಕ್ಲಾಸು. ಆರೋಪ ಏನು? ಪುಸ್ತಕ ತೆರೆದರೆ ನಿದ್ದೆ, ಪರೀಕ್ಷೆ ಬರೆದರೆ ಸೊನ್ನೆ. ಇವನನ್ನೂ, ಜೇಬಿನಿಂದ ಚಿತ್ರವಿಚಿತ್ರ ಸಾಧನ ತೆಗೆದು ಇವನಿಗೆ ಸಹಾಯ ಮಾಡುವ ರೋಬೋ ಬೆಕ್ಕು ಡೋರೆಮಾನ್‌ನನ್ನೂ ಜಪಾನಿನ ‘ಡೋರೆಮಾನ್’ ಕಾರ್ಟೂನಿನಲ್ಲಿ ನೋಡಿ ಬೆಳೆದ ನಾವೆಲ್ಲ ಅವನಿಗೆ ಸೋಂಬೇರಿ ಅಂತ ಪಟ್ಟ ಕಟ್ಟಿ ಕೂತಿದ್ದೇವೆ. ನಾನೂ ಕಟ್ಟಿದ್ದೆ.

ಆದರೆ ಮೊನ್ನೆ ಒಂದು ಸಂಚಿಕೆಯನ್ನು ಮಧ್ಯದಲ್ಲಿ ನಿಲ್ಲಿಸಿ, ಸುಮ್ನೆ ಅವನ ಮುಖ ನೋಡುತ್ತಾ ಕೂತೆ. ಒಂದು ವಿಷಯ ಹೊಳೆಯಿತು. ಆ ಕನ್ನಡಕದೊಳಗೆ ಕಣ್ಣು ಎಷ್ಟು ದೊಡ್ಡದಿದೆ ನೋಡಿ!

ಇದು ಯಾಕೆ ಮುಖ್ಯ ಅಂದರೆ, ಕನ್ನಡಕದ ಗಾಜಿನಲ್ಲಿ ಎರಡು ಜಾತಿ. ಸಿಲಿಂಡರ್ ನಂಬರ್ (ಕಣ್ಣಿನ ಉಬ್ಬು ಎಲ್ಲ ದಿಕ್ಕಿಗೂ ಒಂದೇ ಥರ ಇಲ್ಲದ ದೋಷಕ್ಕೆ ಕೊಡುವುದು) ಇರುವವರು ಸ್ವಲ್ಪ ಸುಮ್ಮನಿರಿ, ನಿಮ್ಮ ಕಥೆ ಬೇರೆ. ಮೈನಸ್ ಗಾಜು ನಡುವೆ ತೆಳು, ಅಂಚಿಗೆ ದಪ್ಪ. ಹತ್ತಿರದ್ದು ಚೆನ್ನಾಗಿ ಕಂಡು ದೂರದ್ದು ಮಂಜಾಗುವವರಿಗೆ, ಅಂದರೆ ಸಮೀಪದೃಷ್ಟಿ ಇರುವವರಿಗೆ ಕೊಡುವುದು ಇದನ್ನೇ. ಅದರ ಹಿಂದಿನ ಕಣ್ಣು ಎದುರಿಗಿದ್ದವರಿಗೆ ಚಿಕ್ಕದಾಗಿ ಕಾಣುತ್ತದೆ. ನಿಮ್ಮ ಕ್ಲಾಸಿನಲ್ಲಿ 'ಸೋಡಾಬುಡ್ಡಿ' ಅಂತ ಕರೆಸಿಕೊಂಡವನ ಕಣ್ಣು ನೆನಪಿಸಿಕೊಳ್ಳಿ. ಗುಲಗಂಜಿಯಷ್ಟು ಇರುತ್ತಿತ್ತು, ಅಲ್ವಾ?

ಪ್ಲಸ್ ಗಾಜು ಇದರ ಉಲ್ಟಾ. ನಡುವೆ ಉಬ್ಬಿರುತ್ತದೆ. ಮನೆಯಲ್ಲಿ ಅಜ್ಜಿಯ ಚಾಳೀಸು ಇದ್ದರೆ ತಂದುಕೊಳ್ಳಿ.

[ಕ್ಲೋಸ್‌ಅಪ್: ಕ್ಯಾಲೆಂಡರಿನ ರಾಹುಕಾಲದ ಸಾಲಿನ ಮೇಲೆ ಚಾಳೀಸು, ನಿಧಾನವಾಗಿ ಮೇಲೆತ್ತುವ ಕೈ]

ಕ್ಯಾಲೆಂಡರಿನಲ್ಲಿ ರಾಹುಕಾಲ, ಗುಳಿಕಕಾಲ ಅಂತ ಇರುವೆ ಸಾಲಿನ ಹಾಗೆ ಅಕ್ಷರ ಇರುತ್ತದಲ್ಲ, ಅದರ ಮೇಲೆ ಗಾಜನ್ನು ಇಟ್ಟು ಮೆಲ್ಲಗೆ ಮೇಲೆತ್ತಿ. ಅಕ್ಷರ ದಪ್ಪವಾಗುತ್ತಾ ಬರುತ್ತದೆ. ಈಗ ಗಾಜನ್ನು ಬಲಕ್ಕೆ ಸರಿಸಿ. ಅಕ್ಷರ ಎಡಕ್ಕೆ ಓಡುತ್ತದೆ! ಹಾಗಾದರೆ ಅದು ಪ್ಲಸ್. ಮೈನಸ್ ಗಾಜಾಗಿದ್ದರೆ ಅಕ್ಷರವೂ ಗಾಜಿನ ಜೊತೆಗೇ ಬಲಕ್ಕೆ ಬರುತ್ತಿತ್ತು. ಈ ಪ್ಲಸ್ ಗಾಜಿನ ಹಿಂದಿರುವ ಕಣ್ಣು ಎದುರಿನವರಿಗೆ ದೊಡ್ಡದಾಗಿ ಕಾಣುತ್ತದೆ.

ನನ್ನ ಥಿಯರಿ ಇಲ್ಲಿಂದ ಶುರು. ನೊಬಿತಾದು ಮೈನಸ್ ಅಂತ ನಾವೆಲ್ಲ ಸುಮ್ನೆ ಅಂದುಕೊಂಡಿದ್ದೇವೆ. ಅಲ್ಲ. ಅದು ಪ್ಲಸ್. ಹುಡುಗನಿಗೆ ಇರುವುದು ದೂರದೃಷ್ಟಿ.

ನಗಬೇಡಿ. ನಾಳೆಯ ಹೋಮ್‌ವರ್ಕ್ ಬಗ್ಗೆ ಕೂಡ ಯೋಚನೆ ಮಾಡದವನಿಗೆ ಎಲ್ಲಿಯ ದೂರದೃಷ್ಟಿ ಅಂತೀರಿ. ನಾನು ಹೇಳುತ್ತಿರುವುದು ಡಾಕ್ಟರು ಹೇಳುವ ದೂರದೃಷ್ಟಿ. ಕಣ್ಣುಗುಡ್ಡೆ ಇರಬೇಕಾದ್ದಕ್ಕಿಂತ ಕೊಂಚ ಗಿಡ್ಡ. ದೊಡ್ಡವರ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಇರುತ್ತದೆ. ಅದರಲ್ಲಿ ಒಂದೇ ಒಂದು ಮಿಲಿಮೀಟರ್ ಕಮ್ಮಿಯಾದರೆ ಎರಡೂವರೆಯಿಂದ ಮೂರು ನಂಬರ್ ಪ್ಲಸ್ ಬರುತ್ತದೆ. ಬೆಳಕು ಒಳಗಿನ ಪರದೆಯ ಮೇಲೆ ಕೂಡುವ ಬದಲು ಅದರ ಹಿಂದೆ ಕೂಡಲು ಹೋಗುತ್ತದೆ. ಹುಟ್ಟಿದಾಗ ನಮ್ಮಲ್ಲಿ ಹೆಚ್ಚಿನವರು ಹೀಗೇ ಇರುತ್ತೇವೆ. ಬೆಳೆಯುತ್ತಾ ಸರಿಹೋಗುತ್ತದೆ. ಕೆಲವರಿಗೆ ಹೋಗುವುದಿಲ್ಲ.

ಮಕ್ಕಳ ಕಣ್ಣಿಗೆ ಒಂದು ಶಕ್ತಿ ಇದೆ. ಒಳಗಿನ ಸ್ನಾಯು ಬಿಗಿ ಹಿಡಿದು ಕಣ್ಣಿನ ಲೆನ್ಸನ್ನು ಉಬ್ಬಿಸಿ ಈ ಕೊರತೆಯನ್ನು ತುಂಬಿಕೊಳ್ಳುತ್ತದೆ. ಲೆಕ್ಕ ನೋಡಿ. 33 ಸೆಂಟಿಮೀಟರ್ ದೂರದಲ್ಲಿ ಪುಸ್ತಕ ಹಿಡಿದು ಓದಲು ಯಾವ ಕಣ್ಣಿಗಾದರೂ 3 ನಂಬರಿನಷ್ಟು ಜೋರು ಬೇಕು. ಪ್ಲಸ್ 3 ಇರುವ ಹುಡುಗ ಕನ್ನಡಕ ಇಲ್ಲದೆ ಅದೇ ಪುಟ ಓದಲು 6 ಹಾಕಬೇಕು. ಪಕ್ಕದವನು ಒಂದು ಕೊಡ ನೀರು ಹೊತ್ತರೆ ಇವನು ಎರಡು ಕೊಡ. ಅದೂ ಪೂರ್ತಿ ಒಂದು ಪೀರಿಯಡ್. ತಲೆ ನೋಯುತ್ತದೆ, ಕಣ್ಣು ಉಜ್ಜುತ್ತಾನೆ, ಸಾಲು ಕದಡುತ್ತದೆ, ಪುಸ್ತಕ ಮುಚ್ಚಿ ಮಲಗುತ್ತಾನೆ. ನೊಬಿತಾ 0.93 ಸೆಕೆಂಡಿನಲ್ಲಿ ನಿದ್ದೆ ಹೋಗಬಲ್ಲ ಅನ್ನುವುದು ಅಭಿಮಾನಿಗಳಿಗೆಲ್ಲ ಗೊತ್ತಿರುವ ದಾಖಲೆ. ನಾನು ಕೇಳುವುದಿಷ್ಟೇ: ಅದು ನಿದ್ದೆಯಾ, ಸುಸ್ತಾ?

ನನ್ನ ಅಕ್ಕನ ಮಗನ ಕಥೆ ಹೇಳಿಬಿಡುತ್ತೇನೆ. ಶಾಲೆಗೆ ಬಂದ ಕಣ್ಣಿನ ತಪಾಸಣೆಯಲ್ಲಿ ಬೋರ್ಡಿನ ಕೊನೆಯ ಸಾಲಿನವರೆಗೂ ಪಟಪಟ ಓದಿದ. ಎಲ್ಲರೂ ಭೇಷ್ ಅಂದರು. ಮನೆಯಲ್ಲಿ ಮಾತ್ರ ಮಗ್ಗಿ ಪುಸ್ತಕ ಹಿಡಿದು ಐದು ನಿಮಿಷಕ್ಕೆ ಕಣ್ಣು ಉಜ್ಜುತ್ತಿದ್ದ. ಅಕ್ಕನಿಂದ ಬೈಗುಳ, ಭಾವನಿಂದ ಇನ್ನೂ ಜಾಸ್ತಿ. ಕೊನೆಗೆ ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ಡ್ರಾಪ್ಸ್ ಹಾಕಿ, ಕಣ್ಣು ಮುಚ್ಚಿಸಿ ಕೂರಿಸಿದರು. ಸ್ವಲ್ಪ ಹೊತ್ತಿಗೆ ಮತ್ತೆ ಡ್ರಾಪ್ಸ್. ಈ ಔಷಧಿ ಆ ಬಿಗಿ ಹಿಡಿದ ಸ್ನಾಯುವನ್ನು ಸಡಿಲ ಮಾಡುತ್ತದೆ. ಅಲ್ಲಿಯವರೆಗೆ ಅಡಗಿ ಕೂತಿದ್ದ ನಂಬರ್ ಆಗ ಹೊರಗೆ ಬಂತು. ಪ್ಲಸ್ ನಾಲ್ಕು! ವಾಪಸ್ ಬರುವಾಗ ಪಾಪೆ ಬೆಕ್ಕಿನ ಕಣ್ಣಿನ ಹಾಗೆ ಅಗಲವಾಗಿ, ಬಿಸಿಲು ತಡೆಯಲಾರದೆ ಅಮ್ಮನ ಸೆರಗಿನೊಳಗೆ ಮುಖ ಇಟ್ಟುಕೊಂಡೇ ಬಸ್‌ಸ್ಟಾಪಿನವರೆಗೆ ನಡೆದ. ಅಕ್ಕ ಆ ದಿನ ಅವನನ್ನು ಬೈಯಲಿಲ್ಲ.

ಬೋರ್ಡಿನಲ್ಲಿ ಯಾಕೆ ಸಿಕ್ಕಿಬೀಳಲಿಲ್ಲ? ಆ ಅಕ್ಷರಗಳ ಬೋರ್ಡ್ 1862ರಲ್ಲಿ ಸ್ನೆಲೆನ್ ಎನ್ನುವ ಡಚ್ ಡಾಕ್ಟರು ಮಾಡಿದ್ದು. ಆರು ಮೀಟರ್ ದೂರ ನಿಲ್ಲಿಸಿ ಓದಿಸುತ್ತಾರೆ. ಅದು ನೋಡುವುದು ದೂರದ ನೋಟವನ್ನು. ಅಷ್ಟು ದೂರಕ್ಕೆ ನಾಲ್ಕು ನಂಬರ್ ಜೋರು ಹಾಕಿ ಒಂದೆರಡು ನಿಮಿಷ ನಿಲ್ಲುವುದು ಮಕ್ಕಳ ಕಣ್ಣಿಗೆ ದೊಡ್ಡ ಮಾತಲ್ಲ. ಜಪಾನಿನ ಶಾಲೆಗಳಲ್ಲೂ ಇದೇ ಥರ. ಅಲ್ಲಿ ಅಕ್ಷರದ ಬದಲು ಒಂದು ಕಡೆ ಬಾಯಿ ತೆರೆದ ಉಂಗುರ ತೋರಿಸಿ, ಬಾಯಿ ಯಾವ ಕಡೆ ಇದೆ ಅಂತ ಕೇಳುತ್ತಾರೆ.

ಈಗ ನನ್ನ ಪ್ರೀತಿಯ ಸಾಕ್ಷಿ. ಓಟದಲ್ಲಿ ಕೊನೆ, ಬೇಸ್‌ಬಾಲ್‌ನಲ್ಲಿ ದಾಂಡಿಗ ಗೆಳೆಯ ಜಿಯಾನ್ ಕೈಯಲ್ಲಿ ಒದೆ. ಆದರೆ ಗುರಿ ಇಟ್ಟು ಬಂದೂಕು ಹಾರಿಸುವುದರಲ್ಲಿ ಮಾತ್ರ ನೊಬಿತಾನನ್ನು ಮೀರಿಸುವವರಿಲ್ಲ. ದೂರದ ಗುರಿ ಅವನಿಗೆ ಅಷ್ಟು ಸಲೀಸು, ಕೈಯಲ್ಲಿರುವ ಪುಸ್ತಕ ಅಷ್ಟು ಕಷ್ಟ. ಇನ್ನೇನು ಬೇಕು?

[ಸ್ಕ್ರೀನ್ ಮೇಲೆ ದೊಡ್ಡದಾಗಿ: ಆದರೆ...]

ಹೌದು, ಗೊತ್ತು. ನಿಮ್ಮಲ್ಲಿ ಅರ್ಧ ಜನ ಆಗಲೇ ಕೈ ಎತ್ತಿದ್ದೀರಿ. ಕಣ್ಣು ದೊಡ್ಡದು ಅನ್ನುವುದಾದರೆ ಕನ್ನಡಕ ಇಲ್ಲದ ಅವನ ಗೆಳತಿ ಶಿಜುಕಾದೂ ಅಷ್ಟೇ ದೊಡ್ಡದು. ಒಪ್ಪಿದೆ. ಆದರೆ ಮೈನಸ್ ಆಗಿದ್ದರೆ ಅವಳಿಗಿಂತ ಚಿಕ್ಕದಾಗಬೇಕಿತ್ತಲ್ಲ?

ಕಷ್ಟದ ಪ್ರಶ್ನೆ ಬೇರೆ ಇದೆ. ದಾರವನ್ನು ಬೆರಳಿಗೆ ಸುತ್ತಿ ಆಕಾರ ಮಾಡುವ ಅಯಾತೋರಿ ಆಟದಲ್ಲಿ ನೊಬಿತಾ ಎತ್ತಿದ ಕೈ. ಅದು ಮೂಗಿನ ಮುಂದಿನ ಕೆಲಸ. ಕಾಮಿಕ್ಸ್ ಓದಲು ಕೂತರೆ ನಿದ್ದೆಯೂ ಬರುವುದಿಲ್ಲ. ಇದಕ್ಕೆ ನನ್ನ ಉತ್ತರ: ಬೆರಳಿಗೆ ಅಭ್ಯಾಸವಾದರೆ ದಾರ ನೋಡಲೇಬೇಕಾಗಿಲ್ಲ, ಹೂ ಕಟ್ಟುವವರು ನಿಮ್ಮ ಜೊತೆ ಮಾತಾಡುತ್ತಲೇ ಕಟ್ಟುವುದಿಲ್ಲವೇ? ಕಾಮಿಕ್ಸಿನಲ್ಲಿ ಚಿತ್ರ ಜಾಸ್ತಿ, ಅಕ್ಷರ ಕಮ್ಮಿ. ಇದು ಸ್ವಲ್ಪ ಎಳೆದಾಟ ಅಂತ ನನಗೂ ಅನಿಸುತ್ತದೆ.

ನಿಜವಾಗಿ ನನ್ನನ್ನು ಮಲಗಿಸುವ ಸಾಕ್ಷಿ ಅಂದರೆ ಕನ್ನಡಕ ತೆಗೆದಾಗಿನ ಅವನ ಮುಖ. ಎರಡು ಕಣ್ಣಿನ ಜಾಗದಲ್ಲಿ ಎರಡು '3' ಬರೆದಿರುತ್ತಾರೆ. ರೆಪ್ಪೆ ಕಿರಿದು ಮಾಡಿ ನೋಡುವ ಮುಖ ಅದು. ಕಿರಿದು ಮಾಡಿದರೆ ಯಾಕೆ ಚೆನ್ನಾಗಿ ಕಾಣುತ್ತದೆ ಅಂದರೆ, ಸಣ್ಣ ಕಿಂಡಿಯಲ್ಲಿ ಅಡ್ಡಾದಿಡ್ಡಿ ಬೆಳಕು ಒಳಗೆ ಬರುವುದಿಲ್ಲ. ಕನ್ನಡಕ ತೆಗೆದು, ರಟ್ಟಿಗೆ ಸೂಜಿಯಿಂದ ಒಂದು ತೂತು ಮಾಡಿ ನೋಡಿ, ಮಂಜಾಗಿದ್ದ ಗಡಿಯಾರದ ಮುಳ್ಳು ತಟ್ಟನೆ ಸರಿಯಾಗುತ್ತದೆ. ದೂರ ನೋಡಲು ಹೀಗೆ ತಿಣುಕುವುದು ಮೈನಸ್‌ನವರ ಹಳೇ ಚಾಳಿ. ಸಾಧಾರಣ ಪ್ಲಸ್ ಇರುವ ಹುಡುಗನಿಗೆ ಅದರ ಅಗತ್ಯ ಬೀಳುವುದಿಲ್ಲ.

ಕೋರ್ಟಿನಲ್ಲಿ ಸೋತೆನೋ ಏನೋ. ಆದರೂ ಬಿಡುವುದಿಲ್ಲ. ಅವನದು ತುಂಬಾ ಜಾಸ್ತಿ ಪ್ಲಸ್ ಆಗಿದ್ದರೆ ದೂರವೂ ಮಂಜಾಗಬಹುದು. ಹಾಗಾದರೆ ಕನ್ನಡಕ ಹಾಕಿಕೊಂಡೂ ಓದಲು ಯಾಕೆ ಸುಸ್ತು? ಉತ್ತರ ಸುಲಭ. ಡೋರೆಮಾನ್ ಕಾಮಿಕ್ಸ್ ಶುರುವಾಗಿದ್ದು 1969ರ ಡಿಸೆಂಬರಿನಲ್ಲಿ. ಬೆಳೆಯುವ ಮಕ್ಕಳ ನಂಬರನ್ನು ವರ್ಷಕ್ಕೊಮ್ಮೆಯಾದರೂ ನೋಡಿಸಿ ಅನ್ನುತ್ತಾರೆ ಡಾಕ್ಟರು. ಇವನು 50 ವರ್ಷ ದಾಟಿದರೂ ಅದೇ ದುಂಡು ಕನ್ನಡಕ! ಜಿಯಾನ್ ಅಷ್ಟು ಸಲ ಗುದ್ದಿದರೂ ಮರುಸಂಚಿಕೆಗೆ ಗಾಜು ಫಳಫಳ.

ಕೊನೆಯ ಸಾಕ್ಷಿ ಒಂದಿದೆ. ಡೋರೆಮಾನ್ ಜೇಬಿನಿಂದ ಬಂದ ಮೆಮೊರಿ ಬ್ರೆಡ್. ಪುಸ್ತಕದ ಪುಟದ ಮೇಲೆ ಬ್ರೆಡ್ ಒತ್ತಿದರೆ ಅಕ್ಷರ ಅದಕ್ಕೆ ಅಂಟುತ್ತದೆ, ತಿಂದರೆ ಬಾಯಿಪಾಠ. ನೊಬಿತಾ ಒಂದಾದ ಮೇಲೆ ಒಂದು ತಿಂದ, ಹೊಟ್ಟೆ ಬಿರಿಯುವಷ್ಟು ತಿಂದ, ಕೊನೆಗೆ ಹೊಟ್ಟೆ ಕೆಟ್ಟು ಓದಿದ್ದೆಲ್ಲ ಹೊರಟೇಹೋಯಿತು. ಪೂರ್ತಿ ಪುಸ್ತಕವನ್ನು ತಿಂದು ಮುಗಿಸಲು ತಯಾರಿರುವ ಹುಡುಗನನ್ನು ನೀವು ಸೋಂಬೇರಿ ಅಂತೀರಾ?