ತೋಳಿರುವ ಶಾಕ್ ಅಬ್ಸಾರ್ಬರ್

ಕೇಳುಗರಿಗೆ ನಮಸ್ಕಾರ.

ಹಳೆಯ ಕಾರಿನ ಮುಂಭಾಗದ ಒಂದು ಮೂಲೆಯನ್ನು ಎರಡೂ ಕೈಗಳಿಂದ ಒತ್ತಿ ಬಿಟ್ಟುಬಿಡಿ. ಅದು ಒಮ್ಮೆ ಮೇಲೆದ್ದು ತೆಪ್ಪಗೆ ನಿಂತರೆ ಶಾಕ್ ಅಬ್ಸಾರ್ಬರ್‌ನಲ್ಲಿ ಇನ್ನೂ ಜೀವವಿದೆ. ತೊಟ್ಟಿಲಿನಂತೆ ತೂಗುತ್ತಲೇ ಇದ್ದರೆ ಇಂದಿನ ಮಾತು ನಿಮಗಾಗಿಯೇ.

ನಾನು ಮಾತನಾಡಲಿರುವುದು ಎಂಜಿಬಿ ಎಂಬ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನ ಬಗ್ಗೆ. 1962ರಿಂದ 1980ರವರೆಗೆ ಆಕ್ಸ್‌ಫರ್ಡ್ ಸಮೀಪದ ಆಬಿಂಗ್ಡನ್ ಕಾರ್ಖಾನೆಯಿಂದ ಐದು ಲಕ್ಷಕ್ಕೂ ಹೆಚ್ಚು ಹೊರಬಂದವು. ನಮಗೂ ಇದು ತೀರಾ ಹೊರಗಿನದಲ್ಲ. ಇದರ 1798 ಸಿಸಿ ಎಂಜಿನ್ನೂ ನಮ್ಮ ಹಳೆಯ ಅಂಬಾಸಿಡರ್‌ನ 1489 ಸಿಸಿ ಎಂಜಿನ್ನೂ ಒಂದೇ 'ಬಿ' ಸರಣಿಯ ಅಣ್ಣತಮ್ಮಂದಿರು.

ಇಂದಿನ ಕಾರುಗಳ ಶಾಕ್ ಅಬ್ಸಾರ್ಬರ್ ಕೊಳವೆಯಂತಿರುತ್ತದೆ. ಎಂಜಿಬಿಯದು ಹಾಗಲ್ಲ, ಎಣ್ಣೆ ತುಂಬಿದ ಗಟ್ಟಿ ಲೋಹದ ಪೆಟ್ಟಿಗೆ, ಅದರಿಂದ ಹೊರಚಾಚಿದ ತೋಳು. ಚಕ್ರ ಏರಿಳಿದಾಗ ತೋಳು ತಿರುಗುತ್ತದೆ, ಒಳಗಿನ ಜೋಡಿ ಪಿಸ್ಟನ್‌ಗಳು ಎಣ್ಣೆಯನ್ನು ಇಕ್ಕಟ್ಟಾದ ವಾಲ್ವಿನ ಮೂಲಕ ದೂಡುತ್ತವೆ. ಸ್ಪ್ರಿಂಗಿನ ಕುಣಿತವೆಲ್ಲ ಅಲ್ಲಿ ಬಿಸಿಯಾಗಿ ಮುಗಿದುಹೋಗುತ್ತದೆ. ಮುಂದಿನ ಚಕ್ರಗಳಲ್ಲಿ ಈ ತೋಳಿಗೆ ಇನ್ನೊಂದು ಕೆಲಸವೂ ಇದೆ: ಚಕ್ರವನ್ನು ಮೇಲ್ಗಡೆಯಿಂದ ಹಿಡಿದಿರುವುದು ಇದೇ.

ಅಪಾಯ ಇರುವುದೂ ಅಲ್ಲಿಯೇ. ತೋಳನ್ನು ಕಳಚಿದರೆ, ಅದುಮಿಕೊಂಡು ಕುಳಿತ ಸುರುಳಿ ಸ್ಪ್ರಿಂಗನ್ನು ತಡೆಯುವವರಿಲ್ಲ. ಆದ್ದರಿಂದ ಮೊದಲು ಕಾರಿನ ಒಡಲನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರ ಬಿಚ್ಚಿ, ಸ್ಪ್ರಿಂಗ್ ಕುಳಿತಿರುವ ಕೆಳಗಿನ ತಟ್ಟೆಗೆ ಜ್ಯಾಕ್ ಕೊಟ್ಟು ಎತ್ತಿ ಹಿಡಿಯಬೇಕು. ಕೆಲಸ ಮುಗಿಯುವವರೆಗೂ ಆ ಜ್ಯಾಕನ್ನು ಯಾರೂ ಮುಟ್ಟಕೂಡದು; ಮನೆಯ ಮಕ್ಕಳಂತೂ ಆಚೆ ಇರಲಿ. ಆಮೇಲೆ ತೋಳಿನ ತುದಿಯ ಪಿನ್ ಹೊರಕ್ಕೆ. ಈಗ ಚಕ್ರದ ಗುಂಬ, ಅಂದರೆ ಹಬ್, ಹೊರಕ್ಕೆ ವಾಲುತ್ತದೆ. ಅದನ್ನು ತಂತಿಯಿಂದ ಕಟ್ಟಿ ನಿಲ್ಲಿಸಿ, ಭಾರವೆಲ್ಲ ಬ್ರೇಕಿನ ರಬ್ಬರ್ ಕೊಳವೆಯ ಮೇಲೆ ಬೀಳದಿರಲಿ. ಪೆಟ್ಟಿಗೆಯ ನಾಲ್ಕು ಬೋಲ್ಟ್‌ಗಳನ್ನು ತೆಗೆದರೆ ಅದು ಕೈಗೆ ಬರುತ್ತದೆ. ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದರೆ ಬೈಗುಳಗಳ ಖರ್ಚು ಉಳಿಯುತ್ತದೆ.

ಹಿಂದಿನ ಚಕ್ರಗಳವು ಸುಲಭ. ಅಲ್ಲಿ ಲೀಫ್ ಸ್ಪ್ರಿಂಗ್, ಅಂದರೆ ಪಟ್ಟಿಗಳ ಸ್ಪ್ರಿಂಗ್, ತನ್ನ ಪಾಡಿಗೆ ತಾನಿರುತ್ತದೆ. ಎರಡು ಬೋಲ್ಟ್, ಆಕ್ಸಲಿಗೆ ಸೇರುವ ಒಂದು ಕೊಂಡಿ, ಅಷ್ಟೇ.

ಬಿಚ್ಚಿದ್ದಾಯಿತು, ದುರಸ್ತಿ ಹೇಗೆ? ಎಣ್ಣೆ ಸೋರುತ್ತಿದೆ ಎಂದರೆ ಬಹಳ ಜನ ಅದನ್ನು ತಡೆಯುವ ಉಂಗುರ, ಅಂದರೆ ಸೀಲ್, ಬದಲಿಸಿ ಎನ್ನುತ್ತಾರೆ. ಅದರಲ್ಲಿ ನನಗೆ ನಂಬಿಕೆಯಿಲ್ಲ. ತೋಳನ್ನು ಹೊತ್ತ ದಂಡ ವರ್ಷಗಟ್ಟಲೆ ತಿರುಗಿ ತಿರುಗಿ ತನ್ನ ತೂತನ್ನೇ ಸವೆಸಿರುತ್ತದೆ. ತೋಳನ್ನು ಹಿಡಿದು ಅಡ್ಡಡ್ಡ ಅಲ್ಲಾಡಿಸಿ ನೋಡಿ; ಸಡಿಲದ ಆಟ ಕಂಡರೆ ಹೊಸ ಸೀಲ್ ಕೆಲವು ದಿನಗಳ ಸಮಾಧಾನ ಮಾತ್ರ. ತೂತನ್ನು ಅಗಲಿಸಿ ಬುಷ್ ಎಂಬ ಒಳಬಳೆ ಕೂರಿಸುವುದು, ದಂಡಕ್ಕೆ ಬಿಗಿಯಾಗಿ ಒತ್ತಿ ಸೇರಿಸಿದ ತೋಳನ್ನು ಬೇರ್ಪಡಿಸುವುದು ಲೇತ್, ಪ್ರೆಸ್ ಇರುವ ಕಡೆಯ ಕೆಲಸ. ಇದಕ್ಕಿಂತ ಕೊಳವೆಯ ಶಾಕ್ ಅಬ್ಸಾರ್ಬರನ್ನೇ ಹಾಕಿಬಿಡಿ ಎನ್ನುವವರೂ ಇದ್ದಾರೆ. ಹಾಕಬಹುದು. ಅಜ್ಜಿಗೆ ಜೀನ್ಸ್ ತೊಡಿಸಿದಂತೆ ನನಗೆ ಕಾಣುತ್ತದೆ, ಅಷ್ಟೆ.

ಆಟವಿಲ್ಲದೆ, ಎಣ್ಣೆ ಮಾತ್ರ ಇಳಿದಿದ್ದರೆ ಮನೆಯಲ್ಲೇ ಮಾಡಬಹುದು. ಎಣ್ಣೆ ತುಂಬುವ ತೂತಿನ ಬಿರಡೆಯನ್ನು ತೆಗೆಯುವ ಮೊದಲು ಸುತ್ತಲಿನ ಮಣ್ಣನ್ನು ಪೂರ್ತಿ ಒರೆಸಿ, ಒಂದು ಕಾಳು ಮರಳು ಒಳಗೆ ಬಿದ್ದರೂ ವಾಲ್ವ್ ಕೆಡುತ್ತದೆ. ಪೆಟ್ಟಿಗೆಯನ್ನು ಮೇಜಿನ ಇಕ್ಕಳದಲ್ಲಿ, ಅಂದರೆ ವೈಸಿನಲ್ಲಿ, ನೆಟ್ಟಗೆ ಹಿಡಿಸಿ ಎಣ್ಣೆ ತುಂಬಿ. ಇಂದು ಹಲವರು ಬಳಸುವುದು ಮೋಟಾರ್ ಸೈಕಲ್ಲಿನ 20 ಗ್ರೇಡ್ ಫೋರ್ಕ್ ಆಯಿಲ್. ಬ್ರೇಕ್ ಆಯಿಲನ್ನಂತೂ ಹತ್ತಿರಕ್ಕೂ ತರಬೇಡಿ. ತೋಳನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಆಡಿಸುತ್ತಾ ಹೋಗಿ. ಮೊದಮೊದಲು ಕೈಗೆ ನಡುವೆ ಒಂದು ಪೊಳ್ಳು ತಾಗುತ್ತದೆ, ಅದು ಗಾಳಿ. ಗುಳ್ಳೆ ನಿಂತು, ಎರಡು ಕಡೆಗೂ ಒಂದೇ ಸಮನೆ ಬಿಗಿ ಸಿಗುವವರೆಗೆ ಆಡಿಸಿ, ಕಡಿಮೆಯಾದಷ್ಟು ಎಣ್ಣೆ ಮತ್ತೆ ಸುರಿಯಿರಿ.

ವೈಸಿನಿಂದ ಕಾರಿನವರೆಗೆ ಅದನ್ನು ತುಂಬಿದ ಸಾರಿನ ಪಾತ್ರೆಯಂತೆ ನೆಟ್ಟಗೆ ಹಿಡಿದು ತನ್ನಿ. ಅಡ್ಡ ಮಲಗಿಸಿದರೆ ಗಾಳಿ ಮತ್ತೆ ಪಿಸ್ಟನ್ ಸೇರುತ್ತದೆ, ಆಡಿಸಿದ್ದೆಲ್ಲ ಮೊದಲಿನಿಂದ.

ನಮಸ್ಕಾರ.