ಭೀಮಗಂಡಿಯ ದಾರಿಯಲ್ಲಿ

ಕೇಳುಗರಿಗೆ ನಮಸ್ಕಾರ. ಪಳೆಯುಳಿಕೆ ನೋಡಬೇಕು, ಹೊಳೆ ಕೊರೆದ ಕಮರಿ ನೋಡಬೇಕು ಎಂದರೆ ನಮ್ಮವರು ದೂರದ ದೇಶಗಳ ಹೆಸರು ಹೇಳುತ್ತಾರೆ. ಬಳ್ಳಾರಿಯಿಂದ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ, ಅದು ಆರುವುದರೊಳಗೆ ಅಂಥದೇ ನಾಡಾದ ಸಂಡೂರಿನಲ್ಲಿ ಇರುತ್ತೀರಿ. ಕಳೆದ ಶ್ರಾವಣದಲ್ಲಿ ಅಕ್ಕನ ಮಗಳನ್ನು ಕರೆದುಕೊಂಡು ನಾನು ಕಾರಿನಲ್ಲಿ ಹೋದ ದಾರಿಯನ್ನೇ ಹೇಳುತ್ತೇನೆ.

ಹೊಸಪೇಟೆ ರಸ್ತೆಯಲ್ಲಿ ಮೊದಲು ಕುಡತಿನಿ. ಅಲ್ಲಿನ ಬೂದಿದಿಬ್ಬ ನವಶಿಲಾಯುಗದ ದನಗಾಹಿಗಳದು. ದೊಡ್ಡಿಯಲ್ಲಿ ರಾಶಿಬಿದ್ದ ಸಗಣಿಗೆ ಅವರು ಮತ್ತೆ ಮತ್ತೆ ಬೆಂಕಿಯಿಟ್ಟರು. ಕಾವಿಗೆ ಅದು ಅಲ್ಲಲ್ಲಿ ಗಾಜಿನಂತೆ ಕರಗಿ ಗಟ್ಟಿಯಾಯಿತು.

ತೋರಣಗಲ್ಲಿನಲ್ಲಿ ಎಡಕ್ಕೆ ತಿರುಗಿ, ತಾರಾನಗರದ ಜಲಾಶಯ ದಾಟಿದರೆ ಗುಡ್ಡದ ಗೋಡೆ ಎದುರಾಗುತ್ತದೆ. ಅದರ ನಡುವಿನ ಬಿರುಕೇ ಭೀಮಗಂಡಿ. ಗಂಡಿ! ಎಷ್ಟು ಚೆಂದದ ಮಾತು. ದನ ನುಗ್ಗಿ ಬೇಲಿಯಲ್ಲಿ ಆದ ಸಂದಿಗೂ, ಹೊಳೆ ನುಗ್ಗಿ ಬೆಟ್ಟದಲ್ಲಿ ಆದ ಸಂದಿಗೂ ಅದೊಂದೇ ಹೆಸರು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದ ಪೆನ್ನಾ ನದಿ ಆಂಧ್ರದಲ್ಲಿ ಕೊರೆದ ಗಂಡಿಕೋಟೆಯ ಹೆಸರಿನಲ್ಲಿಯೂ ಇರುವುದು ಇದೇ ಗಂಡಿ. ಸಂಡೂರಿನಲ್ಲಿ ಈ ಕೆಲಸ ನಾರಿಹಳ್ಳದ್ದು. ಓಬಳಗಂಡಿಯಿಂದ ಕಣಿವೆಯೊಳಕ್ಕೆ ಬಂದು, ಭೀಮಗಂಡಿಯಿಂದ ಹೊರಬಿದ್ದು, ದರೋಜಿ ಕೆರೆಯ ಕಡೆಗೆ ಅದು ಹರಿಯುತ್ತದೆ. ಮೆತ್ತನೆಯ ಬಂಡೆ ಸವೆದು ಕಣಿವೆಯಾಯಿತು. ಕಬ್ಬಿಣದ ಪಟ್ಟೆಗಳಿರುವ ಗಟ್ಟಿ ಬಂಡೆ ಗೋಡೆಯಾಗಿ ಉಳಿಯಿತು.

ಪಳೆಯುಳಿಕೆ ಎಂದಾಗ ಮೂಳೆಯನ್ನು ಹುಡುಕಬೇಡಿ. ಈ ಬಂಡೆಗಳಿಗೆ ಸುಮಾರು 270 ಕೋಟಿ ವರ್ಷ. ಆಗ ಭೂಮಿಯ ಮೇಲೆ ಮೂಳೆಯಿದ್ದ ಜೀವಿ ಒಂದೂ ಇರಲಿಲ್ಲ. ಸಮುದ್ರದ ತಿಳಿನೀರಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಪದರದ ಮೇಲೆ ಪದರ ಕಟ್ಟುತ್ತಿದ್ದವು. ಹೆಚ್ಚಿದ ಈರುಳ್ಳಿಯ ಹಾಗೆ ಕಾಣುವ ಆ ಗುಪ್ಪೆಗಳನ್ನು ಸ್ಟ್ರೊಮ್ಯಾಟೊಲೈಟ್ ಎನ್ನುತ್ತಾರೆ. ಸಂಡೂರಿನ ಶಿಲಾಪಟ್ಟಿಯಲ್ಲಿ ಅವನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಅಂಥ ಜೀವಿಗಳು ಹೊರಬಿಟ್ಟ ಆಮ್ಲಜನಕ ನೀರಿನಲ್ಲಿ ಕರಗಿದ್ದ ಕಬ್ಬಿಣವನ್ನು ಹಿಡಿದು ತಳಕ್ಕೆ ಇಳಿಸಿತು ಎಂಬ ವಿವರಣೆಯೂ ಇದೆ. ನಾವು ಅದಿರು ಎಂದು ತೂಗಿ ಮಾರುವ ಕಲ್ಲು ಅದೇ. ಅಡ್ಡಾದಿಡ್ಡಿ ಗಣಿಗಾರಿಕೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯುವ ಮೊದಲು ಲಾರಿಗಳ ಕೆಂಪು ಧೂಳು ಮರಗಳ ಎಲೆಯನ್ನೂ ಮುಚ್ಚಿತ್ತು. ಆ ದಿನಗಳನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಆದ್ದರಿಂದ ಕೇಳಿಕೊಳ್ಳುತ್ತೇನೆ, ಅಲ್ಲಿಗೆ ಹೋದವರು ನೆನಪಿಗೆಂದು ಕಲ್ಲು ಒಡೆದು ತರಬೇಡಿ.

ದಾರಿಬದಿಯ ಒಂದು ಬಂಡೆಯ ಬಳಿ ಕಾರು ನಿಲ್ಲಿಸಿದೆ. ಕೆಂಪು, ಬೂದು, ಕಪ್ಪು ಗೆರೆಗಳ ಮೇಲೆ ಹುಡುಗಿ ಬೆರಳಿಟ್ಟು ಎಣಿಸತೊಡಗಿದಳು. ಅರವತ್ತರ ಹತ್ತಿರ ಬರುವಾಗ ಮಳೆ ಹನಿಯಿತು. ಕಲ್ಲು ಒದ್ದೆಯಾದೊಡನೆ ಅಲ್ಲಿಯವರೆಗೆ ಕಾಣದಿದ್ದ ಎಷ್ಟೋ ಸಣ್ಣ ಗೆರೆಗಳು ಎದ್ದುಬಂದವು. “ಮಾಮಾ, ಇನ್ನೂ ಇವೆ” ಎಂದವಳು ಮತ್ತೆ ಒಂದರಿಂದ ಶುರು ಮಾಡಿದಳು.