ಗಾಡಿ ಈಗ ಎಲ್ಲಿದೆ?

ಹಿಂದಿನ ಸಾಲಿನವರಿಗೆ ಕೇಳಿಸುತ್ತಿದೆಯಾ? ಇಲ್ಲ ಅಂದರೆ ಈಗಲೇ ಕೈ ಎತ್ತಿ. ಸ್ಟೇಷನ್ ಅನೌನ್ಸ್‌ಮೆಂಟ್ ಬಗ್ಗೆ ಮಾತಾಡಲು ಬಂದವನ ಮಾತೇ ಕೇಳಿಸದಿದ್ದರೆ ಚೆನ್ನಾಗಿರುವುದಿಲ್ಲ, ಅಲ್ವಾ?

ಹೋದ ವರ್ಷ ನಮ್ಮಮ್ಮ ಹುಬ್ಬಳ್ಳಿಯಿಂದ ರಾತ್ರಿ ಗಾಡಿಗೆ ಹೊರಟಿದ್ದರು. ಬೆಳಗಿನ ಜಾವ ಎದ್ದು ಮೊಬೈಲ್ ನೋಡಿದೆ. 10 ನಿಮಿಷ ತಡ ಎಂದಿತ್ತು. ಆಟೋ ಹಿಡಿದು ಸ್ಟೇಷನ್ನಿಗೆ ಓಡಿದೆ. ಅಲ್ಲಿಯ ಬೋರ್ಡಿನಲ್ಲಿ ಸರಿಯಾದ ಸಮಯಕ್ಕೇ ಬರುತ್ತದೆ ಎಂದಿತ್ತು. ಪೋರ್ಟರ್ ಒಬ್ಬರು ನನ್ನ ಮುಖ ನೋಡಿ, "ಇನ್ನೂ ಒಂದು ಗಂಟೆ ಆಗುತ್ತೆ ಸಾರ್, ಟೀ ಕುಡ್ಕೊಂಡು ಬನ್ನಿ" ಅಂದರು. ಅವರ ಮಾತೇ ನಿಜವಾಯಿತು.

ಗಾಡಿ ಒಂದು, ಉತ್ತರ ಮೂರು. ಯಾರೂ ಸುಳ್ಳು ಹೇಳಿರಲಿಲ್ಲ. ಮೂರೂ ಬೇರೆ ಬೇರೆ ಹೊತ್ತಿನ ಸುದ್ದಿಗಳು, ಅಷ್ಟೇ.

ಈ ಸುದ್ದಿ ಹುಟ್ಟುವುದು ಎಲ್ಲಿ? ಹಿಂದೆಲ್ಲ ಗಾಡಿ ದಾಟಿದ ಮೇಲೆ ಸ್ಟೇಷನ್ ಮಾಸ್ಟರು ಕಂಟ್ರೋಲ್ ರೂಮಿಗೆ ಫೋನ್ ಮಾಡಿ ಹೇಳುತ್ತಿದ್ದರು. ಅಲ್ಲಿ ಕಂಟ್ರೋಲರು ದೊಡ್ಡ ಚಾರ್ಟಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರು. ಆಮೇಲೆ ಆ ಚಾರ್ಟು ಕಂಪ್ಯೂಟರಿಗೆ ಬಂತು. ಗಾಡಿ ಎಲ್ಲಿದೆ ಎಂದು ತೋರಿಸುವ ರೈಲ್ವೆಯದೇ ಆ್ಯಪ್ ಮತ್ತು ವೆಬ್‌ಸೈಟ್ ಎನ್‌ಟಿಇಎಸ್‌ನಲ್ಲಿ ನಾವು ನೋಡುವ ಸಮಯಕ್ಕೆ ಆ ಕಂಪ್ಯೂಟರೇ ಮೂಲ. ಆದರೆ ಎರಡು ಸ್ಟೇಷನ್ನುಗಳ ನಡುವೆ ಗಾಡಿ ನಿಂತುಬಿಟ್ಟರೆ? ಮುಂದಿನ ಸ್ಟೇಷನ್ನಿಗೆ ಬರುವವರೆಗೂ ಉಳಿದದ್ದು ಬರೀ ಅಂದಾಜು.

ಇದಕ್ಕೆ ಒಂದು ಮದ್ದು ರೈಲ್ವೆಯವರು ಇಸ್ರೋ ಜೊತೆ ಸೇರಿ ಮಾಡಿದ ಆರ್‌ಟಿಐಎಸ್, ಅಂದರೆ ಗಾಡಿಯ ಸುದ್ದಿಯನ್ನು ಆಗಿಂದಾಗಲೇ ತಿಳಿಸುವ ವ್ಯವಸ್ಥೆ. ಎಂಜಿನ್ನಿನಲ್ಲಿ ಒಂದು ಪೆಟ್ಟಿಗೆ ಇಡುತ್ತಾರೆ. ಗಾಡಿ ನಡುದಾರಿಯಲ್ಲಿದ್ದರೂ ಅದು ಉಪಗ್ರಹದ ನೆರವಿನಿಂದ 30 ಸೆಕೆಂಡಿಗೊಮ್ಮೆ ಸುದ್ದಿ ಕಳಿಸುತ್ತದೆ. ಸ್ಟೇಷನ್ನಿಗೆ ಬಂದದ್ದು, ಹೊರಟದ್ದು ತಾನಾಗಿಯೇ ಚಾರ್ಟಿಗೆ ಏರುತ್ತದೆ. ಇನ್ನೊಂದು ದಾರಿ ನಮ್ಮ ಊರಿನ ಹುಡುಗರದ್ದು. 'ವೇರ್ ಈಸ್ ಮೈ ಟ್ರೇನ್' ಆ್ಯಪ್ ಮಾಡಿದ್ದು ಬೆಂಗಳೂರಿನ ಸಣ್ಣ ಕಂಪನಿ, 2018ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು. ನೀವು ಗಾಡಿಯೊಳಗೇ ಇದ್ದರೆ ಇಂಟರ್ನೆಟ್ ಬೇಡ, ಜಿಪಿಎಸ್ ಬೇಡ. ಫೋನು ಯಾವ ಮೊಬೈಲ್ ಟವರಿನ ಹತ್ತಿರ ಇದೆ ಅನ್ನುವುದರಿಂದಲೇ ಲೆಕ್ಕ ಹಾಕುತ್ತದೆ. ಎಂಥ ಜಾಣತನ ನೋಡಿ.

ಆದರೆ ಗಾಡಿ ಎಲ್ಲಿದೆ ಅನ್ನುವುದು ಒಂದು, ಯಾವಾಗ ಬರುತ್ತದೆ ಅನ್ನುವುದು ಇನ್ನೊಂದು. ಕಂಟೋನ್ಮೆಂಟಿನಿಂದ ಮೆಜೆಸ್ಟಿಕ್‌ಗೆ ಇರುವುದು 4–5 ಕಿಲೋಮೀಟರ್. ಪ್ಲಾಟ್‌ಫಾರ್ಮ್ ಖಾಲಿ ಇಲ್ಲದಿದ್ದರೆ ಗಾಡಿ ಔಟರಿನಲ್ಲಿ, ಅಂದರೆ ಸ್ಟೇಷನ್ನಿನ ಹೊರಗಿನ ಸಿಗ್ನಲ್ ಹತ್ತಿರ, ನಿಂತೇ ಇರುತ್ತದೆ. ಒಳಗಿದ್ದವರು ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ಸುಮ್ನೆ ನಿಂತಿರುತ್ತಾರೆ. ಉಪಗ್ರಹಕ್ಕೆ ಗಾಡಿ ಕಾಣುತ್ತದೆ, ಪ್ಲಾಟ್‌ಫಾರ್ಮ್ ಯಾವಾಗ ಖಾಲಿಯಾಗುತ್ತದೆ ಅನ್ನುವುದು ಅದಕ್ಕೇನು ಗೊತ್ತು? ಇದರ ಉಲ್ಟಾ ಕೂಡ ಉಂಟು. ವೇಳಾಪಟ್ಟಿ ಮಾಡುವಾಗಲೇ ಕೊನೆಯ ಹಂತಕ್ಕೆ ಸ್ವಲ್ಪ ಜಾಸ್ತಿ ಸಮಯ ಇಟ್ಟಿರುತ್ತಾರೆ. ಅದಕ್ಕೇ ದಾರಿಯುದ್ದಕ್ಕೂ ತಡ ಎಂದು ತೋರಿಸಿದ ಗಾಡಿ ಕೊನೆಗೆ ಸರಿಯಾದ ಹೊತ್ತಿಗೆ ಬಂದು ನಿಲ್ಲುವುದು. ಆ್ಯಪ್ ನಂಬಿ ನಿಧಾನಕ್ಕೆ ಹೊರಟವರು ಆಮೇಲೆ ಬೈಸಿಕೊಳ್ಳುತ್ತಾರೆ.

ಪ್ಲಾಟ್‌ಫಾರ್ಮ್ ಬದಲಾವಣೆಯ ಕಥೆ ಬೇರೆ. ಮಂಡಿ ನೋವಿರುವ ಅಮ್ಮನನ್ನು ಕರೆದುಕೊಂಡು ಮೇಲ್ಸೇತುವೆ ಹತ್ತಿ ಇಳಿಯಬೇಕಾದವರಿಗೆ ಕಡೇ ಗಳಿಗೆಯ ಅನೌನ್ಸ್‌ಮೆಂಟಿಗಿಂತ ದೊಡ್ಡ ತಾಪತ್ರಯ ಇಲ್ಲ. ಹತ್ತು ನಿಮಿಷ ಮೊದಲು ಗೊತ್ತಾದರೂ ಎಷ್ಟೋ ಅನುಕೂಲ.

ನನ್ನ ಆಸೆ ದೊಡ್ಡದೇನಲ್ಲ. ಬೋರ್ಡಿನಲ್ಲಿ ಸಮಯದ ಪಕ್ಕದಲ್ಲಿ ಇನ್ನೊಂದು ಸಾಲು ಇರಲಿ. ಕೊನೆಯ ಸುದ್ದಿ ಬಂದದ್ದು ಎಲ್ಲಿಂದ, ಎಷ್ಟು ಹೊತ್ತಿಗೆ? ಅವತ್ತು ನನ್ನ ಮೊಬೈಲಿನಲ್ಲಿ ಅದು ಇತ್ತು, ಸಣ್ಣ ಅಕ್ಷರದಲ್ಲಿ, ಕೆಳಗಡೆ. 50 ನಿಮಿಷ ಹಳೆಯ ಸುದ್ದಿ. ನಾನು ನೋಡಿರಲಿಲ್ಲ. ನೋಡಿದ್ದರೆ ಇನ್ನೊಂದು ನಿದ್ದೆ ತೆಗೆಯುತ್ತಿದ್ದೆ. ಖಚಿತ ಇಲ್ಲದಿದ್ದರೆ 6.40 ಎಂದು ಒಂದೇ ಸಮಯ ಯಾಕೆ ಹೇಳಬೇಕು? ಆರೂವರೆಯಿಂದ ಏಳರೊಳಗೆ ಎಂದರೆ ಯಾರಿಗೂ ಬೇಜಾರಿಲ್ಲ.

ಟೀ ಕುಡಿದು ವಾಪಸ್ ಬಂದಾಗ ಆ ಪೋರ್ಟರನ್ನು ಕೇಳಿದೆ, "ನಿಮಗೆ ಹೇಗೆ ಗೊತ್ತಾಯ್ತು?"

"ಆಗ್ಲೇ ಇನ್ನೊಂದು ಗಾಡಿ ಬಂದಿತ್ತಲ್ಲ ಸಾರ್, ಅದರಲ್ಲಿ ಇಳಿದವರು ಹೇಳಿದ್ರು. ನಿಮ್ಮ ಗಾಡಿ ತುಮಕೂರು ಹತ್ರ ನಿಂತಿತ್ತಂತೆ, ಇವರು ದಾಟಿಕೊಂಡು ಬಂದಾಗ್ಲೂ ಇನ್ನೂ ಹೊರಟಿರಲಿಲ್ಲವಂತೆ."